ಹೊಗೆ ಬಳಸಿದ ಜಾಗ

"ಅಕ್ಕಾ, ಇಲ್ಲಿ ಯಾರೋ ಕುಂತಾರ ನೋಡ್ರಿ," ಎಂದ ಅಂಬರೇಶ.

ಚಂದ್ರಕಲಾ ಹಾಳೆಗಳ ಕಟ್ಟನ್ನು ಅವನ ಕೈಯಿಂದ ಕಸಿದುಕೊಂಡು ತಾನೇ ಸರಸರ ತಿರುವಿದಳು. ಹಾಳೆಯಲ್ಲಿ ಬರೆದ ಒಲೆಯಿಂದ ಹೊಗೆ ಎದ್ದಿತು, ನಡುವೆ ಎರಡಾಗಿ ಸೀಳಿ ಏನನ್ನೋ ಬಳಸಿಕೊಂಡು ಮೇಲೆ ಹೋಗಿ ಮತ್ತೆ ಕೂಡಿತು. ಬಳಸಿದ ಜಾಗದಲ್ಲಿ ಬರೀ ಬಿಳಿ ಹಾಳೆ. ಆದರೆ ಆ ಬಿಳಿಗೆ ಬಾಗಿದ ಬೆನ್ನಿತ್ತು, ಸೆರಗು ಹೊದ್ದ ತಲೆಯಿತ್ತು.

"ನಾ ಯಾರ್ನೂ ಬರದಿಲ್ಲಪಾ. ಬರದಿದ್ದು ಹೊಗಿ ಅಷ್ಟ. ಮೂರು ಸಲ ಹೊಸದಾಗಿ ಬರದೀನಿ, ಮೂರೂ ಸಲ ಹಿಂಗ ಆಗೇದ."

ನಿಜವೇ. ಮನುಷ್ಯರನ್ನು ಬರೆಯುವುದು ಅವಳ ಕೆಲಸವಲ್ಲ. ಬೆಂಕಿ, ನೀರು, ಧೂಳು, ಹೊಗೆ. ತೆರೆಯ ಮೇಲೆ ಓಡುವ ಒಂದೊಂದು ಸೆಕೆಂಡಿಗೆ ಹನ್ನೆರಡು ಹಾಳೆಯಂತೆ, ಕೈಯಿಂದಲೇ. ಅನಿಮೇಷನ್ ಕಿರುಚಿತ್ರ ಮಾಡುತ್ತಿದ್ದ ಮಾನ್ವಿಯ ಅಂಬರೇಶ ರಾಯಚೂರಿನ ಅವಳ ಈ ಕೋಣೆ ಹುಡುಕಿಕೊಂಡು ಬಂದದ್ದೂ ಅದಕ್ಕೇ. ಚಿತ್ರದ ಕೊನೆಗೆ ಎಲ್ಲರೂ ಬಿಟ್ಟುಹೋದ ಮನೆ, ಇನ್ನೂ ಆರದ ಒಲೆ. ಖಾಲಿ ಮನೆಯಲ್ಲಿ ಯಾರಾದರೂ ಕೂತರೆ ಕಥೆಯೇ ಕೆಟ್ಟಿತು! ಸಂಜೆ ಆರಕ್ಕೆ ಚಿತ್ರ ಸ್ಪರ್ಧೆಗೆ ಹೋಗಬೇಕು. ಹೋದರೆ ತೆರೆಯ ಮೇಲೆ ಮೊದಲ ಸಲ ಅವಳ ಹೆಸರು. ಹನ್ನೊಂದು ವರ್ಷ ಮಂದಿಯ ಮದುವೆ ವಿಡಿಯೋಗಳಲ್ಲಿ ಗುಲಾಬಿ ಎಸಳಿನ ಚಿತ್ರ ಉದುರಿಸಿ ಅವಳಿಗೆ ಸಾಕುಸಾಕಾಗಿತ್ತು.

"ನೀವು ಹೊಗಿ ಬರಿಯೋದು ಎಲ್ಲಿ ಕಲ್ತೀರಿ?" ಎಂದು ಕೇಳಿದ ಅಂಬರೇಶ.

ಅವಳಿಗೆ ಥಟ್ಟನೆ ಹೊಳೆಯಿತು. ಚಿಕ್ಕಂದಿನ ಊರು ಅರಕೇರಾದ ಅಡುಗೆಮನೆ. ಬಾಗಿಲಲ್ಲಿ ಕೂತು ಪಾಟಿಯ ಮೇಲೆ ಬಳಪದಿಂದ ಹೊಗೆ ಬರೆಯುತ್ತಿದ್ದಳು. ಅವಳಿಗೂ ಒಲೆಗೂ ನಡುವೆ ರೊಟ್ಟಿ ಬಡಿಯುತ್ತ ಅವ್ವ ಮಾರೆಮ್ಮ. ಅವ್ವನಿಲ್ಲದ ಹೊಗೆಯನ್ನು ಒಂದು ದಿನವಾದರೂ ಕಂಡಿದ್ದರೆ ತಾನೆ! ಕೈಗೆ ಗೊತ್ತಿದ್ದುದು ಅಷ್ಟೇ.

ಅದೇ ಹೊಗೆ ಎದೆ ಹೊಕ್ಕು, ಕೆಮ್ಮಿ ಕೆಮ್ಮಿ ಅವ್ವ ಹೋದ ವರ್ಷ ತೀರಿಕೊಂಡಿದ್ದಳು. ಉಳಿದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ, ಅದರಲ್ಲಿದ್ದವಳು ಯಾರೋ ಬೇರೆ ಹೆಂಗಸು. ಈ ಖಾಲಿ ಜಾಗ ಮಾತ್ರ ಥೇಟ್ ಅವ್ವ.

"ಆ ಜಾಗದಾಗ ಹೊಗಿ ತುಂಬಿಬಿಡ್ರಿ ಅಕ್ಕಾ. ನಾ ಚಾ ತರ್ತೀನಿ," ಎಂದು ಅಂಬರೇಶ ಮೆಟ್ಟಿಲಿಳಿದು ಹೋದ.

ಚಂದ್ರಕಲಾ ತುಟಿ ಕಚ್ಚಿ ಪೆನ್ಸಿಲ್ ಹಿಡಿದಳು. ಮಟಮಟ ಮಧ್ಯಾಹ್ನ. ಹಾಳೆಗಳು ಹಾರುತ್ತವೆಂದು ಕಿಟಕಿ ಮುಚ್ಚಿ, ಫ್ಯಾನನ್ನೂ ನಿಲ್ಲಿಸಿದ್ದಳು. ಮೇಜಿನ ಗಾಜಿನ ಕೆಳಗೆ ಬಲ್ಬು ಉರಿಯುತ್ತಿತ್ತು. ಮೊದಲ ಹಾಳೆಯಲ್ಲಿ ಬೆನ್ನಿನ ಮೇಲೆ ಹೊಗೆ ಎಳೆದಳು. ಎರಡನೆಯದರಲ್ಲಿ ಹೆಗಲ ಮೇಲೆ. ಏಳನೆಯದರಲ್ಲಿ ಮುಖ ಇರಬೇಕಾದ ಕಡೆ.

ಹಿಂದೆ ಯಾರೋ ಕೆಮ್ಮಿದರು.

ಅವಳು ತಿರುಗಲಿಲ್ಲ. ಕೋಣೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿತ್ತು, ಕೆಮ್ಮು ಯಾರದೆಂದೂ ಗೊತ್ತಿತ್ತು. ಎಂಟನೆಯ ಹಾಳೆಗೆ ಅದು ಬಿಡದೆ ಬಂತು, ಉಸಿರು ಸಿಗದ ಒಣ ಕೆಮ್ಮು. ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತು.

"ತಡಿಯವ್ವಾ, ತಡಿ," ಎನ್ನುತ್ತ ರಬ್ಬರ್‌ಗೆ ಕೈಹಾಕಿದಳು. ಆಗಷ್ಟೇ ತುಂಬಿದ ಹೊಗೆಯನ್ನು ಒಂದೊಂದೇ ಹಾಳೆಯಿಂದ ಅಳಿಸಿದಂತೆ ಕೆಮ್ಮು ಇಳಿಯುತ್ತ ಬಂತು.

ಚಹಾ ಹಿಡಿದು ಬಂದ ಅಂಬರೇಶ ಬಾಗಿಲಲ್ಲೇ ನಿಂತ. "ಏನ್ರಿ ಅಕ್ಕಾ, ತುಂಬಿದ್ದನ್ನ ಅಳಸಾಕತ್ತೀರಿ! ಹಿಂಗಾದ್ರ ಚಿತ್ರ ಹೋಗೂದಿಲ್ಲ."

"ಬ್ಯಾರೆಯವ್ರ ಕಡಿಂದ ಬರಸ್ಕೋಪಾ. ನನ್ನ ಹೆಸರು ತಗದುಬಿಡು."

ಕೊನೆಯ ಹಾಳೆಯ ಮೇಲೆ ರಬ್ಬರ್ ಪುಡಿ ಬಿದ್ದಿತ್ತು. ಊದಲೆಂದು ಚಂದ್ರಕಲಾ ಬಾಗಿದಳು. ಅವಳು ಊದುವ ಮೊದಲೇ, ಯಾರದೋ ಉಸಿರು ತಾಗಿದಂತೆ, ಪುಡಿ ಮೆಲ್ಲಗೆ ಸರಿದು ಹಾಳೆಯ ಅಂಚಿಗೆ ಹೋಗಿ ನಿಂತಿತು.