ಒಳಗೆ ನಾಲ್ಕು, ಹೊರಗೆ ಆರು

ನನ್ನ ಗಂಡ ದರ್ಜಿ. ನಾಲ್ಕು ತಿಂಗಳ ಹಿಂದೆ ಅಂಗಡಿಯ ಶಟರ್ ಪೂರ್ತಿ ಮೇಲೇರುವ ಮೊದಲೇ ಒಳಗೆ ನುಗ್ಗಲು ಹೋಗಿ ತಲೆಗೆ ಪೆಟ್ಟು ಮಾಡಿಕೊಂಡರು. ಇವರದು ಯಾವಾಗಲೂ ಆತುರವೇ. ಊತ ವಾರದಲ್ಲಿ ಇಳಿಯಿತು. ತಲೆನೋವು, ಮರೆವು ಉಳಿದವು. ಜೊತೆಗೊಂದು ಹೊಸ ಚಾಳಿ: ತಮಗೇ ತಿಳಿಯದೆ ಉಸಿರು ಹಿಡಿದುಕೊಳ್ಳುವುದು, ಆಮೇಲೆ ಮನೆ ಮುಳುಗಿದವರ ಹಾಗೆ ಉದ್ದದೊಂದು ನಿಟ್ಟುಸಿರು.

ಅದೂ ಯಾವಾಗ? ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದಾಗ! ಮುಖ ಊದಿಸಿಕೊಂಡು ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ನನ್ನ ಮುಖ ನೋಡಿಯೂ ಅದೇ ನಿಟ್ಟುಸಿರು. ನಾನೇನು ಕಲ್ಲೇ?

"ಯಾಕ್ರೀ, ನನ್ನ ಕಂಡ್ರೆ ಬೇಜಾರಾ?"

"ಇಲ್ಲ ಕಣೇ," ಎಂದರು, ಮತ್ತೊಂದು ನಿಟ್ಟುಸಿರು ಬಿಟ್ಟು.

ಹದಿನೆಂಟು ವರ್ಷದ ಸಂಸಾರ ಸಾಕಾಗಿದೆ ಇವರಿಗೆ ಎಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಒಂದು ದಿನ ಇವರು ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬಂದರು. ಕೇಳಿದರೆ, "ಏನಿಲ್ಲ, ಸರಿಹೋಗತ್ತಂತೆ," ಅಷ್ಟೇ.

ಮರುದಿನ ನಿವೃತ್ತ ನ್ಯಾಯಾಧೀಶರೊಬ್ಬರು ಕೋಟಿಗೆ ಅಳತೆ ಕೊಡಲು ಬಂದರು. ಇವರು ಕೂಗುವುದು, ನಾನು ಬರೆದುಕೊಳ್ಳುವುದು ನಮ್ಮ ಪದ್ಧತಿ. "ಎದೆ ನಲವತ್ತಾರು. ಸೊಂಟ ನಲವತ್ತೆಂಟು." ಆಮೇಲೆ ಮೆಲ್ಲಗೆ, "ಒಳಗೆ ನಾಲ್ಕು, ಹೊರಗೆ ಆರು." ಇಷ್ಟು ಜೇಬು ಯಾಕಪ್ಪಾ ಅನ್ನಿಸಿತು. ಆದರೂ ಬರೆದೆ. ಮರೆವಿನ ಮನುಷ್ಯನಿಗೆ ಪುಸ್ತಕದಲ್ಲಿದ್ದದ್ದೇ ವೇದ. ಅದನ್ನು ನೋಡಿ ಹೊಲಿದೇಬಿಟ್ಟರು.

ನ್ಯಾಯಾಧೀಶರು ಕೋಟು ತೊಟ್ಟು ನೋಡಿದರೆ, ಕೈ ಇಟ್ಟಲ್ಲೆಲ್ಲ ಜೇಬು. "ಇದೇನು ಕೋಟೋ, ಅಂಚೆ ಕಚೇರಿಯೋ?"

"ಇವ್ರೇ ಹೇಳಿದ್ದು ಸಾರ್. ಒಳಗೆ ನಾಲ್ಕು, ಹೊರಗೆ ಆರು," ಎಂದು ನಾನು ಪುಸ್ತಕ ಹಿಡಿದೆ.

ಇವರು ಹಣೆ ಚಚ್ಚಿಕೊಳ್ಳಲು ಹೋಗಿ, ಪೆಟ್ಟು ನೆನಪಾಗಿ ಕೈ ಇಳಿಸಿದರು. "ಅದು ಜೇಬಲ್ಲ ಕಣೇ, ಉಸಿರು! ತಲೆಗೆ ಪೆಟ್ಟು ಬಿದ್ರೆ ಕೆಲವರಿಗೆ ಉಸಿರಿನ ತಾಳ ತಪ್ಪತ್ತಂತೆ. ನಾಲ್ಕು ಎಣಿಸಿ ಎಳ್ಕೋ, ಆರು ಎಣಿಸಿ ಬಿಡು ಅಂದ್ರು ಡಾಕ್ಟ್ರು. ಈ ವಯಸ್ಸಲ್ಲಿ ಉಸಿರಾಡೋದು ಕಲೀತಿದೀನಿ ಅಂತ ಹೇಳೋಕೆ ನಾಚಿಕೆ ಆಯ್ತು."

"ಹಾಗಾದ್ರೆ ಆ ನಿಟ್ಟುಸಿರು ನನ್ನ ನೋಡಿ ಅಲ್ವಾ?"

"ನಿನ್ನ ನೋಡಿ ಯಾಕೆ ಬಿಡ್ಲಿ? ಎಲ್ಲಾ ಆ ಶಟರ್ ಮಹಿಮೆ."

ನಾಲ್ಕು ತಿಂಗಳಿಂದ ನನ್ನ ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಹೊರಬಂತು. ಎಂಥ ನಿಟ್ಟುಸಿರೆಂದರೆ, ಮೇಜಿನ ಮೇಲಿನ ಬಟ್ಟೆಚೂರುಗಳು ಹಾರಿದವು.

ನ್ಯಾಯಾಧೀಶರು ತಟ್ಟನೆ ಹೊಟ್ಟೆ ಒಳಗೆಳೆದುಕೊಂಡರು. ಇವರು ಗಾಬರಿಯಿಂದ ನನ್ನ ಮುಖ ನೋಡಿದರು.

"ಯಾಕೇ, ನನ್ನ ಕಂಡ್ರೆ ಬೇಜಾರಾ?"