ಅತ್ತೆ ದಾಟಬೇಕಾದ ರಸ್ತೆ

ಬಳೆ ಸದ್ದು, ಅತ್ತೆಯದೇ, ಎಡಗೈ ಗಾಳಿಯಲ್ಲಿ ಏನನ್ನೋ ತಡಕುತ್ತಿದೆ, ಕಣ್ಣಿಗೆ ದಪ್ಪನೆಯ ವಿಆರ್ ಕನ್ನಡಕ ಬಿಗಿದುಕೊಂಡು, ನಾವೀಗ ನೆಲೆಸಿರುವ ಹೊರದೇಶದ ಸ್ಯಾಂಡ್ರಿಂಗಮ್‌ನ ಈ ಸಮುದಾಯ ಭವನದ ನಡುವೆ ನಿಂತಿದ್ದಾರೆ, ಚಪ್ಪಲಿಯನ್ನು ಮಾತ್ರ ಚಾಪೆಯ ಅಂಚಿನಲ್ಲಿ ಬಿಟ್ಟು — ಅತ್ತೆ, ಅದು ರಸ್ತೆ, ಮನೆ ಅಲ್ಲ ಅಂದರೆ, ಇರ್ಲಿ ಬಿಡೇ, ನೀನು ಕಟ್ಟಿರೋ ರಸ್ತೆ, ಚಪ್ಪಲಿ ಹಾಕ್ಕೊಂಡು ತುಳೀಲಾ — ನಗು ಬಂತು, ಹೊರಗಿನ ರಸ್ತೆಗೆ ನಮ್ಮ ಆಫೀಸು ಹಾಕಿದ ಹೊಸ ನಕ್ಷೆ, ಇನ್ನೂ ಕಂಪ್ಯೂಟರಿನೊಳಗೆ ಮಾತ್ರ ಇರುವ ರಸ್ತೆ ಅದು, ಅಗಲವಾದ ಕಾಲುದಾರಿ, ಬಸ್ಸಿಗೆಂದೇ ಒಂದು ಪಟ್ಟೆ, ದಿನಸಿ ಅಂಗಡಿಯ ಎದುರು ಹೊಸ ಸಿಗ್ನಲ್, ಅಂಗಡಿ ಬಾಗಿಲ ಬಳಿಯ ಕರಿಬೇವಿನ ಕಟ್ಟನ್ನೂ ಬಿಡದೆ ಇಟ್ಟಿದ್ದೇನೆ, ಅತ್ತೆಗೆ ಗುರುತು ಸಿಗಲಿ ಎಂದು. ಊರಿಗೆ ತೋರಿಸುವ ಮೊದಲು ಅತ್ತೆಗೆ ತೋರಿಸಬೇಕು ಎಂದು ಹಟ ಹಿಡಿದವಳು ನಾನೇ, ಚಳಿಗಾಲದಲ್ಲಿ ಒಂದು ಯೂಟ್, ಹಿಂದೆ ತೆರೆದ ಡಬ್ಬಿಯ ಪಿಕಪ್ ಗಾಡಿ, ಅವರ ಸೆರಗನ್ನು ಸವರಿಕೊಂಡು ಹೋಯಿತಲ್ಲ, ಅಂದಿನಿಂದ ಅವರು ಅಂಗಡಿ ಮುಂದಿನ ಆ ನಿಜವಾದ ರಸ್ತೆಗೆ ಇಳಿದಿಲ್ಲ, ನಾನು ಆಫೀಸಿನಲ್ಲಿದ್ದೆ ಅಂದು, ಅತ್ತೆ ಒಬ್ಬರೇ, ಆ ಕೈಯಲ್ಲಿ ಯಾರ ಕೈಯೂ ಇರಲಿಲ್ಲ, ನನ್ನ ಮಗ ಸುಮುಖನನ್ನು ಶಾಲೆಯಿಂದ ಕರೆತರುವುದೂ ನಿಂತಿತು, ಅಜ್ಜಿ ವೈ ಡೋಂಟ್ ಯು ಕಮ್ ಎನಿಮೋರ್, ಅತ್ತೆ ಕಿಟಕಿ ಪಕ್ಕ ಕೂತು, ಒಂದು ರಸ್ತೆ ದಾಟಕ್ಕಾಗಲ್ಲ ಅಂದ್ಮೇಲೆ ಇಲ್ಲಿದ್ದು ಏನ್ ಮಾಡ್ಲಿ, ಮೈಸೂರಿಗೆ ಟಿಕೆಟ್ ಮಾಡಿಸ್ಬಿಡು ಯಾಮಿನಿ — ಮಾಡಿಸಲ್ಲ ಅತ್ತೆ, ನೀವಿಲ್ಲದ ಮನೆ ನನಗೆ ಬೇಡ, ಇದನ್ನು ಬಾಯಿಬಿಟ್ಟು ಹೇಳಿದೆನಾ, ಇಲ್ಲ, ಹೇಳಲು ಬರದೆ ರಸ್ತೆ ಕಟ್ಟಿದೆ.

ಅತ್ತೆಗೆ ಕಾಣುವುದೆಲ್ಲ ಗೋಡೆಯ ಪರದೆಯ ಮೇಲೆ ನಮಗೂ ಕಾಣುತ್ತಿದೆ, ಹಸಿರು ಬಂತು, ಕಾರುಗಳು ನಿಂತವು, ಇಳಿಯಿರಿ ಅತ್ತೆ, ಒಂದು ಹೆಜ್ಜೆ, ಇಳಿಯಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚಿತು, ಆಯ ತಪ್ಪಿತೇ, ಓಡಬೇಕು ಎನ್ನುವಾಗ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಲೋಹಿತ್, ಹುಬ್ಬಳ್ಳಿಯವನು, ಮುಟ್ಟಬ್ಯಾಡ್ರಿ ಮೇಡಂ, ಹೊರಗಿಂದ ಮುಟ್ಟಿದ್ರ ಗಾಬರಿ ಆಗ್ತಾರ — ಮತ್ತೆ ಕೆಂಪು, ಆಯಿತು, ಹೆದರಿದ್ದಾರೆ, ಇಷ್ಟು ಮಾಡಿಯೂ ಹೆದರಿದ್ದಾರೆ, ಇನ್ನು ಟಿಕೆಟ್ಟೇ ಗತಿ, ಆದರೆ ಆ ಕೈ, ಹೆದರಿದವರ ಕೈ ಹಾಗೆ ಅಂಗೈ ತೆರೆದು ಕಾಯುತ್ತದೆಯೇ, ಎಲ್ಲಿ ನೋಡಿದ್ದೇನೆ ಅದನ್ನು, ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ, ಮದುವೆಯಾದ ಹೊಸತು, ನಗರ ಯೋಜನೆ ಓದಿ ಬಂದ ಸೊಸೆ ನಾನು, ಬಿಗುಮಾನ ಬೇರೆ, ನಾನೇನು ಮಗುನಾ ಅತ್ತೆ, ಸುಮ್ನೆ ಹಿಡ್ಕೊಳೇ, ಹಿಡಿದುಕೊಂಡೆ, ಬೆಚ್ಚಗಿತ್ತು. ಪರದೆಯ ಮೇಲೆ ನಾನು ಕಟ್ಟಿದ ಜನ ದಾಟುತ್ತಿದ್ದಾರೆ, ಚಂದದ ಕೋಟು ತೊಟ್ಟು, ಒಬ್ಬೊಬ್ಬರೇ, ಅಯ್ಯೋ, ಇಷ್ಟು ಜನರಲ್ಲಿ ಯಾರೂ ಯಾರ ಕೈಯನ್ನೂ ಹಿಡಿದಿಲ್ಲವಲ್ಲ, ಕರಿಬೇವು ನೆನಪಾಯಿತು, ಇದು ಆಗಲಿಲ್ಲ. ಮತ್ತೆ ಹಸಿರು, ಅತ್ತೆಯ ದನಿ, ಭವನವೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಯಾಮಿನೀ, ಎಲ್ಲಿದ್ದೀಯೇ, ಆಗ್ಲಿಂದ ಕಾಯ್ತಿದೀನಿ, ಕೈ ಕೊಡು, ಗಾಡಿಗಳು ಬರ್ತವೆ, ನಿನ್ನ ಈಚೆ ಬಿಟ್ಟು ನಾನ್ ಹೆಂಗೆ ದಾಟ್ಲಿ — ನನಗಾಗಿ, ಇಷ್ಟು ಹೊತ್ತೂ ನನಗಾಗಿ, ಲೋಹಿತ್ ಏನೋ ಅನ್ನುತ್ತಿದ್ದಾನೆ, ನಾನು ಚಾಪೆಯ ಅಂಚಿನಲ್ಲಿ ಶೂ ಕಳಚುತ್ತಿದ್ದೇನೆ, ಗಂಟು ಬಿಚ್ಚಲೊಲ್ಲದು, ಬಂದೆ ಅತ್ತೆ, ಗಾಳಿಯಲ್ಲಿ ಆ ಕೈ, ಬೆರಳ ತುದಿಯಲ್ಲಿ ಬೆಳಗಿನ ಒಗ್ಗರಣೆಯ ಅರಿಶಿನ, ತೆರೆದ ಅಂಗೈ, ಆ ಕೈ —