ರಟ್ಟಿಲ್ಲದ ಪುಸ್ತಕ

"ಎತ್ತಿ ತೋರ್ಸೇ, ಎಲ್ರಿಗೂ ಕಾಣ್ಲಿ! ತಿಪ್ಪೆಯಿಂದ ಹೆಕ್ಕೊಂಡು ಬಂದ್ಯಾ ಇದನ್ನ? ಥೂ!"

ಬೀಗ ಹೀಗೆ ಅರಚಿದ್ದು ಮೈಕಿನ ಮುಂದೆ. ಬೀಗ ಅಂದರೆ ನಮ್ಮ ಹೆಡ್‌ಮೇಷ್ಟ್ರು. ನಾನು ಶಾಲೆ ಸೇರಿದಾಗಿನಿಂದ ಪುಸ್ತಕದ ಕೋಣೆಯ ಬಾಗಿಲು ತೆರೆದದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಮಕ್ಕಳು ಅವರಿಗೆ ಇಟ್ಟ ಹೆಸರು ಅದು. ಅವತ್ತು ಶಾಲೆಯಲ್ಲಿ ಓದಿನ ಹಬ್ಬ. ಒಬ್ಬೊಬ್ಬರೂ ತಮಗಿಷ್ಟವಾದ ಪುಸ್ತಕ ತಂದು, ಅದರ ಹೆಸರು ಹೇಳಿ, ಬರೆದವರ ಹೆಸರು ಹೇಳಿ, ಒಂದು ಪುಟ ಓದಬೇಕು. ನಾನು ನಾಲ್ಕನೇ ಕ್ಲಾಸು. ನನ್ನ ಪುಸ್ತಕಕ್ಕೆ ರಟ್ಟಿರಲಿಲ್ಲ, ಮೊದಲ ಎಂಟು ಪುಟ ಇರಲಿಲ್ಲ, ಕೊನೆಯೂ ಇರಲಿಲ್ಲ. ಹೆಸರು ಎಲ್ಲಿಂದ ತರಲಿ?

"ಹೆಸರು ಗೊತ್ತಿಲ್ಲ ಸಾರ್. ಬಾವಿ ತೋಡೋನ ಮಗಳ ಕಥೆ," ಎಂದೆ.

ಮುಂದಿನ ಕುರ್ಚಿಗಳಲ್ಲಿದ್ದ ಅಮ್ಮಂದಿರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅವರ ಮಕ್ಕಳ ಪುಸ್ತಕಗಳು ನಿನ್ನೆ ಮೊನ್ನೆ ಅಂಗಡಿಯಿಂದ ಬಂದವು, ಕೆಲವಕ್ಕೆ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಆ ಮಕ್ಕಳು ಹೆಸರನ್ನಂತೂ ಗಿಣಿಪಾಠದ ಹಾಗೆ ಒಪ್ಪಿಸಿದ್ದರು.

ನಮ್ಮ ಮನೆಯಲ್ಲಿ ರಟ್ಟಿರುವ ಪುಸ್ತಕ ಒಂದೂ ಇರಲಿಲ್ಲ. ಅವ್ವ ರದ್ದಿ ಗೋದಾಮಿನಲ್ಲಿ ಪುಸ್ತಕ ಹರಿಯುವವಳು. ರಟ್ಟು ಬೆರೆತ ಹಾಳೆಯನ್ನು ಕಾಗದದ ಕಾರ್ಖಾನೆಯವರು ಮುಟ್ಟುವುದಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಪುಸ್ತಕವನ್ನು ಮಂಡಿಗೆ ಒತ್ತಿ ಹಿಡಿದು, ರಟ್ಟನ್ನು ಹಿಂದಕ್ಕೆ ಮಡಚಿ, ಒಂದೇ ಏಟಿಗೆ ಕೀಳಬೇಕು. ಅಂಟಿಗೆ ಸಿಕ್ಕ ಹಿಂದು ಮುಂದಿನ ಹಾಳೆಗಳು ಅದರ ಜೊತೆಗೇ ಹೋಗುತ್ತವೆ. ಅಕ್ಷರ ಬಾರದ ಅವ್ವ ಒಳಗಿನ ಚಿತ್ರ ನೋಡಿ ಒಂದನ್ನು ಆರಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ನಾನು ಓದಿದ ಕಥೆಗಳಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸುಖವಾಗಿ ಬಾಳಲೂ ಇಲ್ಲ. ಬಾವಿಯಲ್ಲಿ ನೀರು ಬಂತೋ ಇಲ್ಲವೋ ಅಂತ ಅವ್ವ ಕೇಳಿದಾಗ, "ಬಂತವ್ವಾ, ಸಿಹಿ ನೀರು" ಎಂದು ನಾನೇ ಕಟ್ಟಿ ಹೇಳಿದ್ದೆ.

ಗೋದಾಮಿನ ಧಣಿಯೇ ಅವತ್ತಿನ ಅಧ್ಯಕ್ಷ. ಶಾಲೆಗೆ ಗಾಜಿನ ಕಪಾಟು ದಾನ ಕೊಟ್ಟಿದ್ದ. ಅವನ ಪಕ್ಕದಲ್ಲಿ ಶಾಲೆ ತಪಾಸಣೆಗೆ ಬಂದ ಸಾಹೇಬರು. ಹಳೇ ಪುಸ್ತಕಗಳೆಲ್ಲ ಎಲ್ಲಿ ಎಂದು ಅವರು ಬೆಳಿಗ್ಗೆ ಕೇಳಿದ್ದಕ್ಕೆ ಬೀಗ ಆ ಕಪಾಟು ತೋರಿಸಿ ಮಾತು ಮರೆಸಿದ್ದರು.

ಜನರನ್ನು ಇನ್ನಷ್ಟು ನಗಿಸಲೆಂದು ಬೀಗ ನನ್ನ ಪುಸ್ತಕ ಕಿತ್ತುಕೊಂಡು ಹಾಳೆ ಮಗುಚತೊಡಗಿದರು. ಇಪ್ಪತ್ತೈದನೇ ಪುಟಕ್ಕೆ ಕೈ ನಿಂತಿತು. ಅಲ್ಲಿ ನೇರಳೆ ಬಣ್ಣದ ದುಂಡು ಮೊಹರು. ನಮ್ಮ ಶಾಲೆಯದೇ. ರಟ್ಟು ಕಿತ್ತರೂ ಕಳ್ಳ ಸಿಗಲಿ ಎಂದು ಪ್ರತಿ ಪುಸ್ತಕದ ಆ ಪುಟಕ್ಕೆ ಹಿಂದಿನ ಮೇಷ್ಟ್ರೊಬ್ಬರು ಒತ್ತುತ್ತಿದ್ದರಂತೆ. ಬೀಗರ ಮುಖ ಒಂದು ಗಳಿಗೆ ಬಿಳಿಚಿತು, ಆಮೇಲೆ ಅರಳಿತು.

"ಸಿಕ್ಕಿದ್ಲು ಸಾರ್ ಕಳ್ಳಿ! ಇವಳವ್ವನ್ನ ಕರ್ಕೊಂಡ್ಬನ್ರೋ!"

ಅವ್ವ ಗೋದಾಮಿನಿಂದ ಓಡಿಬಂದಳು. ತಲೆ, ಹುಬ್ಬು, ರವಿಕೆಯೆಲ್ಲ ಕಾಗದದ ಧೂಳು. ಅವಳನ್ನು ಕಂಡು ನನಗೆ ನಾಚಿಕೆಯಾಯಿತು. ಇವಳು ನನ್ನವ್ವ ಅಲ್ಲ ಅನ್ನಬೇಕು ಅನ್ನಿಸಿತು. ಆ ನಾಚಿಕೆಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ನಮ್ಮಿಬ್ಬರನ್ನೂ ಆಫೀಸು ಕೋಣೆಗೆ ನೂಕಿದರು. ಧಣಿ, ಬೀಗ, ಸಾಹೇಬರು ಮೂವರೂ ಒಳಗೆ ಬಂದರು. ಅವ್ವ ಪುಸ್ತಕವನ್ನು ತಿರುಗಿಸಿ ನೋಡಿದಳು.

"ಕದ್ದಿದ್ದಲ್ಲ ಸ್ವಾಮಿ. ಹೋದ ತಿಂಗಳು ನಿಮ್ಮ ಜವಾನನೇ ತಂದು ಇಳಿಸಿದ್ದು. ಆರು ಮೂಟೆ. ನಾನೇ ಈ ಕೈಯಾರೆ ಹರಿದೆ. ಧಣಿಗಳೂ ಅಲ್ಲೇ ನಿಂತಿದ್ರು, ಕೇಳಿ."

"ಮುಚ್ಚೇ ಬಾಯಿ, ಲೌಡಿ!" ಧಣಿ ಎದ್ದ. "ನನ್ನ ಅನ್ನ ತಿಂದು ನನ್ನ ಮೇಲೇ ಹೇಳ್ತೀಯಾ? ನಾಳೆಯಿಂದ ಗೋದಾಮಿನ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ!"

ಸಾಹೇಬರು ಗಡಿಯಾರ ನೋಡಿಕೊಂಡರು. ಅವರಿಗೆ ಎಲ್ಲ ಅರ್ಥವಾಗಿತ್ತು. "ಏನೋ ಒಂದು ಬರೆಸ್ಕೊಂಡು ಮುಗಿಸ್ರೀ. ನನಗೆ ಇನ್ನೊಂದು ಶಾಲೆಗೆ ಹೋಗ್ಬೇಕು."

ಬೀಗ ಬರಬರನೆ ಒಂದು ಹಾಳೆ ಬರೆದು, ಶಾಯಿ ಪ್ಯಾಡ್ ಮುಂದೆ ತಳ್ಳಿದರು.

"ಒತ್ತು ಹೆಬ್ಬೆಟ್ಟು."

"ಏನು ಬರ್ದಿದೀರಿ ಮೇಷ್ಟ್ರೇ?"

"ತಪ್ಪಾಯ್ತು, ಕ್ಷಮಿಸಿ ಅಂತ. ಅಷ್ಟೇ. ನಿನ್ನ ಮಗಳು ಈ ಶಾಲೇಲಿ ಓದ್ಬೇಕೋ, ನಿನ್ನ ಹಾಗೆ ರದ್ದಿ ಹರೀಬೇಕೋ? ಒತ್ತು ಮತ್ತೆ."

ನಾನು ಓದಬೇಕು ಅನ್ನುವುದೊಂದನ್ನು ಬಿಟ್ಟರೆ ಅವ್ವನಿಗೆ ಈ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ. ಕೂಲಿ ಹೋಯಿತು ಅಂದಾಗಲೂ ಹೆದರದವಳು ಈಗ ಹೆದರಿದಳು. ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದಳು, ಹಾಳೆಯ ಮೇಲೆ ತಂದಳು. ಅಲ್ಲಿಗೆ ನಿಂತಳು.

"ಇಷ್ಟುದ್ದ ಕ್ಷಮೆ ಯಾರು ಕೇಳ್ತಾರೆ ಮೇಷ್ಟ್ರೇ?"

"ಒತ್ತೇ ಮುಂಡೆ!"

ಅವ್ವ ಹಾಳೆಯನ್ನು ಗಬಕ್ಕನೆ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಬಾಗಿಲು ದಾಟಿ ನೇರ ವೇದಿಕೆ ಹತ್ತಿದಳು. ಮೈಕಿನ ಮುಂದೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತೊದಲುತ್ತಿದ್ದಳು.

"ಜರುಗವ್ವಾ ಪುಟ್ಟಿ, ಒಂದ್ನಿಮಿಷ." ಹಿಂದೆಯೇ ಓಡಿಬಂದ ಬೀಗರ ಕಡೆ ತಿರುಗಿದಳು. "ಇವತ್ತು ಓದೋ ದಿನ ತಾನೇ? ನನ್ನ ಮಗಳಿನ್ನೂ ಓದಿಲ್ಲ." ಹಾಳೆ ನನ್ನ ಕೈಗೆ ಬಂತು. ಅಂಚಿನಲ್ಲಿ ಅವಳ ಬೆರಳಿನ ಶಾಯಿ. "ಓದು."

ನಾನು ಓದಿದೆ. ನನ್ನ ದನಿ ಅಂಗಳದ ನಾಲ್ಕೂ ಗೋಡೆಗೆ ಬಡಿದು ಕಲಸಿಕೊಂಡು ವಾಪಸು ಬರುತ್ತಿತ್ತು.

"ನಾನು ಮತ್ತು ನನ್ನ ಮಗಳು ಶಾಲೆಯ ಕಿಟಕಿ ಮುರಿದು ಆರು ಮೂಟೆ ಪುಸ್ತಕ ಕದ್ದಿರುತ್ತೇವೆ. ಹೆಡ್‌ಮೇಷ್ಟ್ರಿಗಾಗಲಿ ಗೋದಾಮಿನ ಮಾಲೀಕರಿಗಾಗಲಿ ಇದು ತಿಳಿದಿರುವುದಿಲ್ಲ. ಪೊಲೀಸರು ಕ್ರಮ ಕೈಗೊಂಡರೆ ನನ್ನ ತಕರಾರಿರುವುದಿಲ್ಲ. ನನ್ನ ಮಗಳನ್ನು..." ಅವ್ವ ಬೆನ್ನಿಗೆ ಕೈ ಇಟ್ಟಳು. "ನನ್ನ ಮಗಳನ್ನು ಇಂದಿನಿಂದ ನಾನೇ ಶಾಲೆ ಬಿಡಿಸಿರುತ್ತೇನೆ."

ಕುರ್ಚಿಯಲ್ಲಿದ್ದವರು ಯಾರೂ ನಗಲಿಲ್ಲ. ಬೀಗ ಮೈಕಿನ ವೈರು ಜಗ್ಗಿ ಕಿತ್ತು, ಹಾಳೆಗೆ ಕೈ ಹಾಕಲು ನುಗ್ಗಿದರು. ಅವ್ವ ನಡುವೆ ಬಂದು ನಿಂತಳು. ಧಣಿ ಕಿರುಚುತ್ತಿದ್ದ, ಸಾಹೇಬರ ಜೀಪು ಆಗಲೇ ಗುರುಗುಟ್ಟುತ್ತಿತ್ತು. ಹಿಂದೆ ಗೇಟಿನ ಹತ್ತಿರ, ಕುರ್ಚಿ ಸಿಗದೆ ನಿಂತಿದ್ದ ಕೂಲಿಯ ಹೆಂಗಸರು ಏನಂತೆ ಏನಂತೆ ಎನ್ನುತ್ತ ಕತ್ತು ಚಾಚಿ ನೋಡುತ್ತಿದ್ದರು.

"ಇನ್ನೊಂದ್ಸಲ ಓದು ಮಗಳೇ," ಅಂದಳು ಅವ್ವ, ನನ್ನ ಕಡೆ ತಿರುಗದೆ. "ಗೇಟಿನ ಹತ್ರ ನಿಂತವ್ರಿಗೆ ಕೇಳ್ಸಿಲ್ಲ."